ವಾಯುಪಡೆಯ 9901: ನೂರ್ ಇನಾಯತ್ ಖಾನ್ ಬದುಕಿನ ಶೋಧ

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಹಾಗೂ ವಾಯವ್ಯ ಯುರೋಪಿನ ನೆಲೆಗಳಿಂದ ಹೊರಟು ಮರಳದ, ಗೋರಿ ಎಲ್ಲಿದೆಯೆಂಬುದು ಕೊನೆಗೂ ಪತ್ತೆಯಾಗದ 20,000ಕ್ಕೂ ಹೆಚ್ಚು ವಾಯುಪಡೆ ಸಿಬ್ಬಂದಿಯ ಹೆಸರುಗಳನ್ನು ಥೇಮ್ಸ್ ನದಿಯ ಮೇಲ್ಭಾಗದ ಗುಡ್ಡವೊಂದರಲ್ಲಿ ನಿಂತಿರುವ ರನ್ನಿಮೀಡ್ ಸ್ಮಾರಕದ ಗೋಡೆಗಳ ಮೇಲೆ ಕೆತ್ತಲಾಗಿದೆ. 1953ರ ಅಕ್ಟೋಬರ್ 17ರಂದು ಉದ್ಘಾಟನೆಗೊಂಡ ಈ ಸ್ಮಾರಕದ 243ನೆಯ ಫಲಕದಲ್ಲಿರುವ ಹೆಸರುಗಳಲ್ಲಿ ಒಂದು, ಸೇವಾ ಸಂಖ್ಯೆ 9901ರ ಅಸಿಸ್ಟೆಂಟ್ ಸೆಕ್ಷನ್ ಆಫೀಸರ್ ನೋರಾ ಇನಾಯತ್ ಖಾನ್ ಅವರದು. ಸೇನೆಯ ಕಾಗದಗಳಲ್ಲಿ ನೋರಾ ಎಂದಿದ್ದರೂ ಹುಟ್ಟಿನಿಂದ ಅವರು ನೂರುನ್ನಿಸಾ. ಇಂದು ಓದುಗರಿಗೆ ಪರಿಚಿತವಾಗಿರುವುದು ನೂರ್ ಇನಾಯತ್ ಖಾನ್ ಎಂದು. ಅವರ ಬದುಕಿನ ಕೊನೆಯ ಹದಿನೈದು ತಿಂಗಳು ಹೇಗೆ ಕಳೆದವು, ಅವರು ಎಲ್ಲಿ ಸತ್ತರು ಎಂಬ ಪ್ರಶ್ನೆಗಳಿಗೆ ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸರ್ಕಾರವು ಮೊದಲು ಕಂಡುಕೊಂಡ ಉತ್ತರವು ತಪ್ಪಾಗಿತ್ತು. ಆ ಉತ್ತರ ಹೇಗೆ ಹುಟ್ಟಿತು, ಹೇಗೆ ಸರಿಹೋಯಿತು ಎಂಬುದನ್ನು ಗಮನಿಸಿದರೆ ಯುದ್ಧಕಾಲದ ಒಂದು ಜೀವನವನ್ನು ದಾಖಲೆಗಳಿಂದ ಮರಳಿ ಕಟ್ಟುವ ಕೆಲಸದ ಸ್ವರೂಪವೇ ತಿಳಿಯುತ್ತದೆ.

ವಾಯುಪಡೆಯ ಸಾಮಾನ್ಯ ಸೈನಿಕನೊಬ್ಬನ ಚರಿತ್ರೆಯನ್ನು ಹುಡುಕುವವರಿಗೆ ಕೆಲವು ಖಚಿತ ಆಧಾರಗಳಿರುತ್ತವೆ. ಪ್ರತಿಯೊಂದು ಸ್ಕ್ವಾಡ್ರನ್ ಕೂಡ ದಿನದಿನದ ಹಾರಾಟಗಳನ್ನು, ವಿಮಾನದ ಕ್ರಮಸಂಖ್ಯೆಯನ್ನು, ಅದರಲ್ಲಿದ್ದವರ ಹೆಸರುಗಳನ್ನು ಬರೆದಿಡುತ್ತಿದ್ದ ಕಾರ್ಯಾಚರಣೆ ದಾಖಲೆ ಪುಸ್ತಕ ಒಂದು; ಹಾರಾಟಗಾರನು ತಾನೇ ಗಂಟೆ ನಿಮಿಷಗಳ ಲೆಕ್ಕದಲ್ಲಿ ತುಂಬುತ್ತಿದ್ದ ಲಾಗ್‌ಬುಕ್ ಇನ್ನೊಂದು. ವಿಮಾನ ಬಿದ್ದ ಸ್ಥಳ ಗೊತ್ತಾದರೆ ಅದರಲ್ಲಿದ್ದವರ ಗತಿಯೂ ಬಹುಮಟ್ಟಿಗೆ ಗೊತ್ತಾಗುತ್ತಿತ್ತು. ಕಾಣೆಯಾದ ಸುಮಾರು 42,000 ಸಿಬ್ಬಂದಿಯನ್ನು ಹುಡುಕಲೆಂದೇ ರಾಯಲ್ ಏರ್ ಫೋರ್ಸ್ ಪ್ರತ್ಯೇಕ ಶೋಧ ಘಟಕವನ್ನು ಸ್ಥಾಪಿಸಿ, ಯುರೋಪಿನ ಹಳ್ಳಿಹಳ್ಳಿಗಳ ಸ್ಮಶಾನಗಳನ್ನು ಕೆದಕಿಸಿ, ಅರ್ಧಕ್ಕಿಂತ ಹೆಚ್ಚು ಜನರ ಗೋರಿಗಳನ್ನು ಗುರುತಿಸಿತು. ನೂರ್ ಅವರ ವಿಷಯದಲ್ಲಿ ಈ ಯಾವ ಆಧಾರವೂ ಒದಗುವಂತಿರಲಿಲ್ಲ, ಏಕೆಂದರೆ ಅವರು ವಾಯುಪಡೆಯ ಸಮವಸ್ತ್ರವನ್ನು ಕಳಚಿಟ್ಟು, ಬೇರೊಬ್ಬಳ ಹೆಸರಿನ ಗುರುತುಪತ್ರ ಹಿಡಿದು ಶತ್ರುವಿನ ವಶದಲ್ಲಿದ್ದ ದೇಶದೊಳಗೆ ಇಳಿದವರು.

ಅವರ ವಂಶದ ಕಥೆಯೇ ಸಂಶೋಧಕನಿಗೆ ಮೊದಲ ಪರೀಕ್ಷೆ. ತಂದೆ ಹಜರತ್ ಇನಾಯತ್ ಖಾನ್ 1882ರಲ್ಲಿ ಬರೋಡಾದಲ್ಲಿ ಹುಟ್ಟಿದ ಸಂಗೀತಗಾರರು, ಮುಂದೆ ಪಶ್ಚಿಮ ದೇಶಗಳಲ್ಲಿ ಸೂಫಿ ಚಿಂತನೆಯನ್ನು ಹರಡಿದವರು. ಅವರ ತಾಯಿಯ ತಂದೆ ಮೌಲಾಬಕ್ಷ್, ಮೈಸೂರು ಆಸ್ಥಾನದಲ್ಲಿ ಗೌರವ ಪಡೆದು, ಕರ್ನಾಟಕ ಸಂಗೀತವನ್ನೂ ಕಲಿತು, ಬಳಿಕ ಬರೋಡಾದಲ್ಲಿ ಸಂಗೀತಶಾಲೆಯನ್ನು ಸ್ಥಾಪಿಸಿದ ವಿದ್ವಾಂಸ. ಮೈಸೂರಿನಲ್ಲಿದ್ದಾಗ ಅವರು ಮದುವೆಯಾದ ಕಾಸಿಂಬೀ ಟಿಪ್ಪು ಸುಲ್ತಾನನ ಮೊಮ್ಮಗಳೆಂದೂ, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಮಕ್ಕಳನ್ನು ಮೊದಲು ವೆಲ್ಲೂರಿಗೆ, 1806ರ ಸಿಪಾಯಿ ದಂಗೆಯ ಬಳಿಕ ಕಲ್ಕತ್ತೆಗೆ ಸಾಗಿಸಲಾದ ಆ ಕಾಲದಲ್ಲಿ ಈಕೆಯನ್ನು ನಂಬಿಗಸ್ತ ಸೇವಕರು ಗುಟ್ಟಾಗಿ ಕಾಪಾಡಿದರೆಂದೂ ಕುಟುಂಬದವರು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ನೂರ್ ಅವರನ್ನು ರಾಜಕುಮಾರಿ ಎಂದು ಕರೆಯುವ ಪತ್ರಿಕೆಗಳೂ ಪುಸ್ತಕಗಳೂ ಆತುಕೊಂಡಿರುವುದು ಈ ಮನೆಮಾತಿನ ಪರಂಪರೆಯನ್ನೇ. ಮನೆಮಾತಿಗೂ ಚರಿತ್ರೆಯಲ್ಲಿ ಬೆಲೆಯಿದೆ. ಆದರೆ ಅದನ್ನು ಸೇವಾಪುಸ್ತಕದ ನಮೂದಿನೊಂದಿಗೆ ಒಂದೇ ತಕ್ಕಡಿಯಲ್ಲಿಟ್ಟು ತೂಗಲಾಗದು.

1914ರ ಜನವರಿ 1ರಂದು ಮಾಸ್ಕೋದಲ್ಲಿ ಹುಟ್ಟಿದ ನೂರ್, ಅಮೆರಿಕದ ತಾಯಿ ಓರಾ ರೇ ಬೇಕರ್ ಅವರ ಆರೈಕೆಯಲ್ಲಿ ಲಂಡನ್ನಿನಲ್ಲೂ ಬಳಿಕ ಪ್ಯಾರಿಸ್ ಹೊರವಲಯದ ಸುರೆನ್‌ನಲ್ಲೂ ಬೆಳೆದರು. 1927ರಲ್ಲಿ ತಂದೆ ದಿಲ್ಲಿಯಲ್ಲಿ ತೀರಿಕೊಂಡ ಮೇಲೆ ಹದಿಮೂರರ ಈ ಹಿರಿಯ ಮಗಳ ಮೇಲೆಯೇ ಮನೆಯ ಭಾರ ಬಿತ್ತು. ಸೋರ್ಬಾನ್‌ನಲ್ಲಿ ಮಕ್ಕಳ ಮನಃಶಾಸ್ತ್ರವನ್ನು ಓದಿ, ವೀಣೆಯನ್ನೂ ಹಾರ್ಪ್ ವಾದ್ಯವನ್ನೂ ನುಡಿಸುತ್ತಿದ್ದ ಅವರು ಮಕ್ಕಳಿಗಾಗಿ ಬರೆದ ಇಪ್ಪತ್ತು ಜಾತಕ ಕಥೆಗಳ ಪುಸ್ತಕವು 1939ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮರುವರ್ಷದ ಜೂನ್‌ನಲ್ಲಿ ಜರ್ಮನ್ ಸೇನೆಯು ಪ್ಯಾರಿಸ್ಸನ್ನು ಸಮೀಪಿಸಿದಾಗ ಕುಟುಂಬವು ಊರು ಬಿಟ್ಟು ಇಂಗ್ಲೆಂಡಿಗೆ ಹೋಯಿತು. ಅದೇ ವರ್ಷ ನವೆಂಬರ್ 19ರಂದು ನೂರ್ ಅವರು ವಾಯುಪಡೆಯ ಮಹಿಳಾ ವಿಭಾಗವಾದ ವಿಮೆನ್ಸ್ ಆಕ್ಸಿಲಿಯರಿ ಏರ್ ಫೋರ್ಸ್‌ಗೆ, ಅಂದರೆ ಆಗಿನವರ ಬಾಯಲ್ಲಿ ವ್ಯಾಫ್ ಎನಿಸಿಕೊಂಡಿದ್ದ ದಳಕ್ಕೆ, ಸೇರಿಕೊಂಡರು. ಸೇರುವಾಗ ವಿವರಣೆಯ ತೊಡಕು ಬೇಡವೆಂದು ಹೆಸರನ್ನು ನೋರಾ ಎಂದೂ, ಧರ್ಮವನ್ನು ಚರ್ಚ್ ಆಫ್ ಇಂಗ್ಲೆಂಡ್ ಎಂದೂ ಬರೆಸಿದರು. ಹ್ಯಾರೊಗೇಟ್ ಮತ್ತು ಎಡಿನ್‌ಬರೊಗಳಲ್ಲಿ ವೈರ್‌ಲೆಸ್ ತರಬೇತಿ, ಆಬಿಂಗ್ಡನ್‌ನ ಬಾಂಬರ್ ತರಬೇತಿ ನೆಲೆಯಲ್ಲಿ ಕೆಲಸ, ಬಳಿಕ ಕಾಂಪ್ಟನ್ ಬ್ಯಾಸೆಟ್‌ನಲ್ಲಿ ಮೇಲಿನ ಹಂತದ ತರಬೇತಿ ಎಂದು ವಾಯುಪಡೆಯ ದಾಖಲೆಯು ಇಷ್ಟನ್ನು ಚೊಕ್ಕವಾಗಿ ಹೇಳಿ ನಿಲ್ಲುತ್ತದೆ.

ಫ್ರೆಂಚ್ ಭಾಷೆಯನ್ನು ತಾಯ್ನುಡಿಯಂತೆ ಬಲ್ಲ, ಮೋರ್ಸ್ ಸಂಕೇತವನ್ನು ವೇಗವಾಗಿ ಕಳಿಸಬಲ್ಲ ಯುವತಿಯ ಮೇಲೆ ಕಣ್ಣಿಟ್ಟದ್ದು ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್. ಶತ್ರುವಶವಾದ ದೇಶಗಳಲ್ಲಿ ವಿಧ್ವಂಸಕ ಕಾರ್ಯಗಳನ್ನು ನಡೆಸಲೆಂದು 1940ರಲ್ಲಿ ಹುಟ್ಟಿದ ಈ ಗುಪ್ತ ಸಂಸ್ಥೆಯ ಫ್ರಾನ್ಸ್ ವಿಭಾಗವನ್ನು ಮಾರಿಸ್ ಬಕ್‌ಮಾಸ್ಟರ್ ನಡೆಸುತ್ತಿದ್ದರು. 1942ರ ನವೆಂಬರ್‌ನಲ್ಲಿ ಲಂಡನ್ನಿನ ಹೋಟೆಲೊಂದರ ಬರಿಗೋಡೆಯ ಕೋಣೆಯಲ್ಲಿ ಕಾದಂಬರಿಕಾರ ಸೆಲ್ವಿನ್ ಜೆಪ್ಸನ್ ನೂರ್ ಅವರನ್ನು ಸಂದರ್ಶಿಸಿ ಆರಿಸಿಕೊಂಡರು. ಸಂಸ್ಥೆಯಲ್ಲಿದ್ದ ಅವರ ವೈಯಕ್ತಿಕ ಕಡತವು ಲಂಡನ್ನಿನ ಕ್ಯೂ ಪ್ರದೇಶದ ರಾಷ್ಟ್ರೀಯ ಪತ್ರಾಗಾರದಲ್ಲಿ 2003ರಲ್ಲಿ ಓದುಗರಿಗೆ ತೆರೆದುಕೊಂಡಾಗ, ಅದರೊಳಗಿನ ತರಬೇತಿ ವರದಿಗಳು ಬಹಳ ಚರ್ಚೆಗೆ ಒಳಗಾದವು. ಒಬ್ಬ ತರಬೇತುದಾರ ಅವರನ್ನು ಶ್ರದ್ಧಾವಂತೆ ಎಂದರೆ, ಬ್ಯೂಲಿಯ ಅಂತಿಮ ತರಬೇತಿ ಕೇಂದ್ರದ ಮುಖ್ಯಸ್ಥನು ಬುದ್ಧಿ ಅಷ್ಟೇನೂ ಚುರುಕಿಲ್ಲ, ಭಾವುಕ ಸ್ವಭಾವ, ಈ ಕೆಲಸಕ್ಕೆ ತಕ್ಕವಳೇ ಎಂಬುದು ಸಂಶಯ ಎಂದು ಬರೆದಿದ್ದ. ಬಕ್‌ಮಾಸ್ಟರ್ ಅದೇ ಹಾಳೆಯ ಅಂಚಿನಲ್ಲಿ ಆ ಮಾತನ್ನು ಸಿಡುಕಿನಿಂದ ತಳ್ಳಿಹಾಕಿದ್ದರು. ಕೆಲವರು ಈ ವರದಿಯನ್ನು ಇಟ್ಟುಕೊಂಡು ಅವರನ್ನು ಕಳಿಸಿದ್ದೇ ತಪ್ಪೆಂದು ತೀರ್ಪು ಕೊಟ್ಟಿದ್ದಾರೆ. ಆದರೆ ಅಂದಿನ ಫ್ರಾನ್ಸ್ ವಿಭಾಗಕ್ಕೆ ವೈರ್‌ಲೆಸ್ ಬಲ್ಲವರ ಕೊರತೆ ಎಷ್ಟಿತ್ತೆಂಬುದನ್ನು ಬಿಟ್ಟು ಆ ಹಾಳೆಯನ್ನು ಓದುವಂತಿಲ್ಲ. ತರಬೇತುದಾರನ ಅಂದಾಜಿಗೂ ಪ್ಯಾರಿಸ್ಸಿನಲ್ಲಿ ಅವರು ನಡೆದುಕೊಂಡ ರೀತಿಗೂ ನಡುವಿನ ಅಂತರವೇ ಆ ವರದಿಯ ಮಿತಿಯನ್ನು ತೋರಿಸುತ್ತದೆ.

1943ರ ಜೂನ್ 16ರ ರಾತ್ರಿ ಲೈಸಾಂಡರ್ ಎಂಬ ಪುಟ್ಟ ವಿಮಾನವು ಆಂಜೇ ನಗರದ ಸಮೀಪದ ಹೊಲವೊಂದರಲ್ಲಿ ಅವರನ್ನು ಇಳಿಸಿತು. ಶತ್ರುವಶವಾದ ಫ್ರಾನ್ಸಿಗೆ ಸಂಸ್ಥೆಯು ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವರೇ. ಸಂಗಾತಿಗಳಿಗೆ ಅವರು ಮ್ಯಾಡಲೀನ್, ಗುರುತುಪತ್ರದಲ್ಲಿ ಜಾನ್ ಮರಿ ರೆನಿಯೆ ಎಂಬ ದಾದಿ. ಬಂದು ಹತ್ತು ದಿನ ತುಂಬುವ ಮೊದಲೇ ಪ್ಯಾರಿಸ್ಸಿನ ಮುಖ್ಯ ಜಾಲವಾದ ಪ್ರಾಸ್ಪರ್ ಮುರಿದುಬಿದ್ದು, ಅದರ ನಾಯಕರು ಒಬ್ಬೊಬ್ಬರಾಗಿ ಸೆರೆಯಾದರು. ಮರಳಿ ಬರಬಹುದೆಂದು ಲಂಡನ್ ಹೇಳಿದರೂ ಒಪ್ಪದೆ, ಪ್ಯಾರಿಸ್ ಮತ್ತು ಲಂಡನ್ನಿನ ನಡುವೆ ಉಳಿದ ತೀರಾ ಕೆಲವೇ ಕೊಂಡಿಗಳಲ್ಲಿ ಒಂದಾಗಿ ನೂರ್ ಅಲ್ಲಿಯೇ ನಿಂತರು. ಸುಮಾರು ಹದಿನೈದು ಕಿಲೋ ತೂಕದ ಟ್ರಾನ್ಸ್‌ಮಿಟರನ್ನು ಸೂಟ್‌ಕೇಸಿನಲ್ಲಿ ಹೊತ್ತು, ಮನೆಯಿಂದ ಮನೆಗೆ ಬದಲಾಗುತ್ತಾ, ಸಂಕೇತದ ದಿಕ್ಕನ್ನು ಹಿಡಿಯುವ ಜರ್ಮನ್ ವ್ಯಾನುಗಳು ಬೀದಿ ಸುತ್ತುವ ಮುಂಚೆ ಸಂದೇಶ ಮುಗಿಸಿ ಏರಿಯಲ್ ತಂತಿಯನ್ನು ಸುತ್ತಿಟ್ಟುಕೊಳ್ಳಬೇಕಾದ ಕೆಲಸ ಅದು. ಇಂಥ ಆಪರೇಟರ್ ಸಿಕ್ಕಿಬೀಳದೆ ಉಳಿಯುವ ಅವಧಿ ಸರಾಸರಿ ಆರು ವಾರವೆಂದು ಸಂಸ್ಥೆಯಲ್ಲಿಯೇ ಮಾತಿತ್ತು. ಅವರು ಸುಮಾರು ನಾಲ್ಕು ತಿಂಗಳು ಕೆಲಸ ಮಾಡಿದರು. ಅಕ್ಟೋಬರ್ ಮಧ್ಯದಲ್ಲಿ ಹಣದಾಸೆಯಿಂದ ಯಾರೋ ಕೊಟ್ಟ ಸುಳಿವಿನ ಮೇಲೆ ಅವರ ಬಂಧನವಾಯಿತು. ಅವರೊಂದಿಗೆ, ಕಳಿಸಿದ ಸಂದೇಶಗಳನ್ನೆಲ್ಲ ಬರೆದಿಟ್ಟಿದ್ದ ನೋಟ್‌ಪುಸ್ತಕವೂ ಜರ್ಮನ್ ಭದ್ರತಾ ಪೊಲೀಸರಿಗೆ ಸಿಕ್ಕಿತು. ಸಂದೇಶಗಳನ್ನು ಹಾಗೆ ಉಳಿಸಿಕೊಂಡದ್ದು ಗಂಭೀರವಾದ ಲೋಪವೆಂಬುದನ್ನು ಅವರ ಮೇಲಿನ ಅಭಿಮಾನದಿಂದ ಮುಚ್ಚಿಡಬೇಕಾಗಿಲ್ಲ.

ಆ ಪುಸ್ತಕದ ನೆರವಿನಿಂದ ಜರ್ಮನ್ನರು ಅವರ ಹೆಸರಿನಲ್ಲಿಯೇ ಲಂಡನ್ನಿಗೆ ಸಂದೇಶ ಕಳಿಸತೊಡಗಿದರು. ವಶಪಡಿಸಿಕೊಂಡ ಟ್ರಾನ್ಸ್‌ಮಿಟರಿನಿಂದ ಶತ್ರುವನ್ನು ನಂಬಿಸುವ ಈ ತಂತ್ರಕ್ಕೆ ಅವರು ರೇಡಿಯೊ ಆಟ ಎನ್ನುತ್ತಿದ್ದರು. ಸಂಕೇತ ವಿಭಾಗದ ಮುಖ್ಯಸ್ಥರಾಗಿದ್ದ ಲಿಯೊ ಮಾರ್ಕ್ಸ್ 1998ರಲ್ಲಿ ಪ್ರಕಟಿಸಿದ ನೆನಪುಗಳಲ್ಲಿ, ಸಿಕ್ಕಿಬಿದ್ದರೆ ಮಾತ್ರ ಬಳಸಬೇಕಾದ ವಿಶೇಷ ಸುಳಿವೊಂದನ್ನು ತಾವು ನೂರ್ ಅವರಿಗೆ ಹೇಳಿಕೊಟ್ಟಿದ್ದುದಾಗಿಯೂ, ಅದು ಬಂದಿತೆಂದು ಎಚ್ಚರಿಸಿದರೂ ಬಕ್‌ಮಾಸ್ಟರ್ ನಂಬಲಿಲ್ಲವೆಂದೂ ಬರೆದಿದ್ದಾರೆ. ಅರ್ಧ ಶತಮಾನ ಕಳೆದ ಮೇಲಿನ ಈ ನೆನಪನ್ನು ಎಷ್ಟು ನಂಬಬೇಕೆಂಬ ಪ್ರಶ್ನೆ ಏನೇ ಇರಲಿ, ಪರಿಣಾಮವಂತೂ ದಾಖಲಾಗಿದೆ: ನೂರ್ ಅವರ ಹೆಸರಿನ ಸಂದೇಶಗಳನ್ನು ನಂಬಿ 1944ರ ಫೆಬ್ರವರಿ ಕೊನೆಯಲ್ಲಿ ಕಳಿಸಿದ ಏಜೆಂಟರು ಪ್ಯಾರಾಚೂಟಿನಲ್ಲಿ ಇಳಿದದ್ದು ನೇರವಾಗಿ ಕಾದು ನಿಂತಿದ್ದ ಜರ್ಮನ್ನರ ಕೈಗೆ. ಅವರಲ್ಲಿ ಮ್ಯಾಡಲೀನ್ ಡಾಮರ್‌ಮಾಂಟ್ ಎಂಬಾಕೆಯೂ ಒಬ್ಬರು.

ಯುದ್ಧ ಮುಗಿದಾಗ ಫ್ರಾನ್ಸ್ ವಿಭಾಗದ 118 ಏಜೆಂಟರ ಸುಳಿವಿರಲಿಲ್ಲ. ಅವರನ್ನು ಹುಡುಕುವ ಹೊಣೆಯನ್ನು ತಾನಾಗಿ ಹೊತ್ತುಕೊಂಡವರು ಬಕ್‌ಮಾಸ್ಟರ್ ಅವರ ಸಹಾಯಕಿ, ರೊಮೇನಿಯಾದಲ್ಲಿ ಹುಟ್ಟಿದ ವೇರಾ ಅಟ್ಕಿನ್ಸ್. ಅವರೂ ವ್ಯಾಫ್ ಅಧಿಕಾರಿಯೇ. ಏಜೆಂಟರನ್ನು ಬೀಳ್ಕೊಡಲು ವಿಮಾನದವರೆಗೆ ಹೋಗುತ್ತಿದ್ದವರಲ್ಲಿ ಅವರೂ ಒಬ್ಬರಾಗಿದ್ದರು. 1946ರ ಜನವರಿಯಲ್ಲಿ ಜರ್ಮನಿಗೆ ಹೋಗಿ, ಯುದ್ಧಾಪರಾಧ ತನಿಖಾ ಕಚೇರಿಯೊಂದಿಗೆ ಸೇರಿಕೊಂಡು, ಸೆರೆಮನೆಯ ಕಾವಲುಗಾರರಿಂದ ಹಿಡಿದು ಶಿಬಿರಗಳ ಕಮಾಂಡರುಗಳವರೆಗೆ ನೂರಾರು ಜನರನ್ನು ಪ್ರಶ್ನಿಸಿ, ಒಬ್ಬನ ಹೊರತು ಉಳಿದೆಲ್ಲರ ಗತಿಯನ್ನೂ ಅವರು ಪತ್ತೆಹಚ್ಚಿದರು. ಒಬ್ಬ ವ್ಯಕ್ತಿಯ ಹಟದಿಂದ ಇಷ್ಟು ಜನರ ಕೊನೆಯ ಸಂಗತಿಗಳು ಬೆಳಕಿಗೆ ಬಂದ ನಿದರ್ಶನ ಯುದ್ಧಚರಿತ್ರೆಯಲ್ಲಿ ಅಪರೂಪ.

ಅವರ ಶೋಧದ ಒಂದು ಎಳೆ ಕಾರ್ಲ್ಸ್‌ರೂಹೆ ನಗರದ ಸೆರೆಮನೆಯ ಮೂಲಕ ಹಾಯುತ್ತಿತ್ತು. ರಾವೆನ್ಸ್‌ಬ್ರುಕ್ ಶಿಬಿರದಿಂದ ಜೀವಂತ ಮರಳಿದ ಒಡೆಟ್ ಸ್ಯಾನ್ಸಮ್, 1944ರ ಮೇ ತಿಂಗಳಲ್ಲಿ ತನ್ನನ್ನೂ ಸೇರಿಸಿ ಎಂಟು ಜನ ಮಹಿಳೆಯರನ್ನು ಪ್ಯಾರಿಸ್ಸಿನಿಂದ ಅಲ್ಲಿಗೆ ಒಯ್ದರೆಂದು ತಿಳಿಸಿದ್ದರು. ಅವರಲ್ಲಿ ನಾಲ್ವರನ್ನು ಜುಲೈ 6ರಂದು ಆಲ್ಸೇಸ್ ಪ್ರಾಂತದ ನಾಟ್ಸ್‌ವೈಲರ್ ಯಾತನಾ ಶಿಬಿರಕ್ಕೆ ಸಾಗಿಸಿ, ಅದೇ ರಾತ್ರಿ ವಿಷದ ಸೂಜಿಮದ್ದು ಚುಚ್ಚಿ, ಒಲೆಯಲ್ಲಿ ಸುಟ್ಟಿದ್ದರು. ಆ ದಿನ ಅವರು ಶಿಬಿರದ ದಾರಿಯಲ್ಲಿ ನಡೆದುಹೋದದ್ದನ್ನು ಅಲ್ಲಿ ಖೈದಿಯಾಗಿದ್ದ ಚಿತ್ರಕಾರ ಬ್ರಿಯನ್ ಸ್ಟೋನ್‌ಹೌಸ್ ಕಂಡಿದ್ದರು. ಚಿತ್ರಕಾರನ ಕಣ್ಣಿಗೆ ಬಿದ್ದ ಕೂದಲಿನ ಬಣ್ಣ, ಉಡುಪು, ನಿಲುವುಗಳನ್ನು ಅವರು ತನಿಖೆದಾರರಿಗೆ ವಿವರಿಸಿದರು. ಆಂಡ್ರೆ ಬೊರೆಲ್, ವೇರಾ ಲೀ, ಡಯಾನಾ ರೌಡನ್ ಎಂಬ ಮೂವರ ಗುರುತು ಹತ್ತಿತು. ನಾಲ್ಕನೆಯ, ಕಪ್ಪು ಕೂದಲಿನ, ಚಿಕ್ಕ ಮೈಕಟ್ಟಿನ ಮಹಿಳೆ ಯಾರೆಂಬ ಪ್ರಶ್ನೆಗೆ ಅಟ್ಕಿನ್ಸ್ ಅವರ ಪಟ್ಟಿಯಲ್ಲಿ ಉಳಿದಿದ್ದ ಹೆಸರುಗಳಲ್ಲಿ ಹೊಂದುವಂತೆ ಕಂಡದ್ದು ನೂರ್ ಅವರದು. 1946ರ ಬೇಸಿಗೆಯಲ್ಲಿ ವುಪರ್ಟಾಲ್ ನಗರದಲ್ಲಿ ನಾಟ್ಸ್‌ವೈಲರ್ ಮೊಕದ್ದಮೆ ನಡೆಯುವ ಹೊತ್ತಿಗೆ ಅವರು ಈ ತೀರ್ಮಾನಕ್ಕೆ ಬಂದಿದ್ದರು. ಮನೆಯವರಿಗೂ ಅದನ್ನೇ ತಿಳಿಸಲಾಯಿತು. ಈ ತಪ್ಪಿಗೆ ಅಜಾಗರೂಕತೆಗಿಂತ ಹೆಚ್ಚಾಗಿ ಕಾರಣವಾದದ್ದು ಪಟ್ಟಿಯ ಸ್ವರೂಪ. ಲಂಡನ್ನಿನ ಪಟ್ಟಿಯಲ್ಲಿ ಇದ್ದವರು ಲಂಡನ್ನಿನಿಂದ ಹೋದವರು ಮಾತ್ರ. ಫ್ರಾನ್ಸಿನಲ್ಲಿಯೇ ಕೆಲಸಕ್ಕೆ ಸೇರಿಕೊಂಡವರ ಹೆಸರು ಅದರಲ್ಲಿ ಬಂದಿರಲೇ ಇಲ್ಲ.

ತಿದ್ದುಪಡಿಯು ಬಂದದ್ದು ಖೈದಿಗಳ ಕಡೆಯಿಂದ. ಪ್ಫೋರ್ಟ್ಸ್‌ಹೈಮ್ ಎಂಬ ಊರಿನ ಸೆರೆಮನೆಯಲ್ಲಿ ಬಂಧಿಯಾಗಿದ್ದ ಫ್ರೆಂಚ್ ಮಹಿಳೆಯೊಬ್ಬರು, ಪಕ್ಕದ ಕೋಣೆಯಲ್ಲಿ ಕೈಕಾಲುಗಳಿಗೆ ಸರಪಳಿ ಬಿಗಿದು ಒಂಟಿಯಾಗಿ ಇಟ್ಟಿದ್ದ ಇಂಗ್ಲಿಷ್ ಖೈದಿಯೊಬ್ಬಳ ವಿಷಯವನ್ನು ಯುದ್ಧದ ನಂತರ ಬರೆದು ತಿಳಿಸಿದರು. ಮಾತಾಡುವುದಕ್ಕೆ ನಿಷೇಧವಿದ್ದುದರಿಂದ ಆ ಖೈದಿಗಳು ಊಟದ ತಗಡಿನ ಬೋಗುಣಿಯ ತಳದಲ್ಲಿ ಗೀಚಿ ಪರಸ್ಪರ ಸುದ್ದಿ ಕಳಿಸುತ್ತಿದ್ದರು. ಬೋಗುಣಿಗಳು ತೊಳೆಯಲು ಹೋಗಿ ಸುತ್ತಿ ಬರುವಾಗ ಓದಿಕೊಳ್ಳುತ್ತಿದ್ದರು. ಹಾಗೆ ಬಂದ ಗೀಚುಗಳಲ್ಲಿ ಹೆಸರು ನೋರಾ ಬೇಕರ್ ಎಂದೂ, ವಿಳಾಸ ಲಂಡನ್ನಿನ 4, ಟ್ಯಾವಿಟನ್ ಸ್ಟ್ರೀಟ್ ಎಂದೂ, ತಾನು ವಾಯುಪಡೆಯ ರೇಡಿಯೊ ಅಧಿಕಾರಿಯೆಂದೂ ಇತ್ತು. ಬೇಕರ್ ಎಂಬುದು ನೂರ್ ಅವರ ತಾಯಿಯ ತವರಿನ ಹೆಸರು. ಟ್ಯಾವಿಟನ್ ಸ್ಟ್ರೀಟಿನ ಆ ಮನೆಯಲ್ಲಿ ವಾಸವಿದ್ದವರು ಅವರ ತಾಯಿ. ಸೆರೆಹಿಡಿದವರಿಗೆ ನೂರ್ ಕೊಟ್ಟಿದ್ದ ಹೆಸರೂ ನೋರಾ ಬೇಕರ್ ಎಂದೇ. ಆ ಖೈದಿಯನ್ನು 1944ರ ಸೆಪ್ಟೆಂಬರ್‌ವರೆಗೂ ಅಲ್ಲಿಯೇ ಇಟ್ಟಿದ್ದರು, ಹೊರಡಿಸಿದಾಗಲೂ ತಾನು ಹೋಗುತ್ತಿರುವೆನೆಂದು ಬೋಗುಣಿಯ ಮೇಲೆ ಗೀಚಿದ್ದಳು ಎಂಬ ಸಾಕ್ಷ್ಯ ಸಿಕ್ಕ ಮೇಲೆ, ಜುಲೈನಲ್ಲಿ ನಾಟ್ಸ್‌ವೈಲರ್‌ನಲ್ಲಿ ಸತ್ತವಳು ಆಕೆಯಾಗಿರಲು ಸಾಧ್ಯವೇ ಇರಲಿಲ್ಲ.

1947ರ ಜನವರಿಯಲ್ಲಿ ಅಟ್ಕಿನ್ಸ್ ಅವರು ಪ್ಯಾರಿಸ್ಸಿನ ಆವೆನ್ಯೂ ಫೋಶ್‌ನಲ್ಲಿದ್ದ ಜರ್ಮನ್ ಭದ್ರತಾ ಪೊಲೀಸ್ ಕಚೇರಿಯ ಮುಖ್ಯಸ್ಥ ಹಾನ್ಸ್ ಕೀಫರ್‌ನನ್ನು ಸೆರೆಮನೆಯಲ್ಲಿ ಪ್ರಶ್ನಿಸಿದಾಗ ಉಳಿದ ಕೊಂಡಿಗಳು ಕೂಡಿಕೊಂಡವು. ನೂರ್ ಅವರಿಂದ ಯಾವ ರಹಸ್ಯವನ್ನೂ ಬಾಯಿಬಿಡಿಸಲಾಗಲಿಲ್ಲವೆಂದು ಅವನೇ ಒಪ್ಪಿದ. 1943ರ ನವೆಂಬರ್‌ನಲ್ಲಿ ಇಬ್ಬರು ಸಂಗಾತಿ ಖೈದಿಗಳೊಂದಿಗೆ ಮೇಲ್ಛಾವಣಿಯ ಮೂಲಕ ಪಾರಾಗುತ್ತಿದ್ದಾಗ ವಾಯುದಾಳಿಯ ಎಚ್ಚರಿಕೆಯಿಂದ ಕೋಣೆಗಳ ತಪಾಸಣೆ ನಡೆದು ಸಿಕ್ಕಿಬಿದ್ದರೆಂದೂ, ಮತ್ತೆ ಓಡಿಹೋಗುವುದಿಲ್ಲವೆಂಬ ಮುಚ್ಚಳಿಕೆ ಬರೆದುಕೊಡಲು ಅವರು ಒಪ್ಪದಿದ್ದುದರಿಂದಲೇ ಜರ್ಮನಿಗೆ ಸಾಗಿಸಲಾಯಿತೆಂದೂ ತಿಳಿಯಿತು. ತನ್ನನ್ನು ಸೋಲಿಸಿದ ಖೈದಿಯ ಬಗ್ಗೆ ಶತ್ರು ಅಧಿಕಾರಿ ಕೊಟ್ಟ ಇಂಥ ಸಾಕ್ಷ್ಯಕ್ಕೆ, ಬ್ಯೂಲಿಯ ವರದಿಗಿಂತ ಹೆಚ್ಚಿನ ತೂಕ ಸಲ್ಲಬೇಕು. 1944ರ ಸೆಪ್ಟೆಂಬರ್ 11ರ ರಾತ್ರಿ ಪ್ಫೋರ್ಟ್ಸ್‌ಹೈಮ್‌ನಿಂದ ಹೊರಡಿಸಿದ ಅವರನ್ನು ಕಾರ್ಲ್ಸ್‌ರೂಹೆಯಲ್ಲಿ ಉಳಿದಿದ್ದ ಯೋಲಾಂಡ್ ಬೀಕ್‌ಮನ್, ಎಲಿಯಾನ್ ಪ್ಲೂಮನ್, ಮ್ಯಾಡಲೀನ್ ಡಾಮರ್‌ಮಾಂಟ್ ಎಂಬ ಮೂವರೊಂದಿಗೆ ರೈಲಿನಲ್ಲಿ ಡಾಖಾವ್ ಯಾತನಾ ಶಿಬಿರಕ್ಕೆ ಒಯ್ದು, 13ರ ಮುಂಜಾನೆ ಗುಂಡಿಟ್ಟು ಕೊಂದರು. ಹೀಗೆ, ನೂರ್ ಅವರ ಹೆಸರಿನ ಸುಳ್ಳು ಸಂದೇಶವನ್ನು ನಂಬಿ ಇಳಿದಿದ್ದ ಡಾಮರ್‌ಮಾಂಟ್ ಅವರ ಜೊತೆಯಲ್ಲಿಯೇ ಸತ್ತರು.

ಆ ಮುಂಜಾನೆಯ ವಿವರಗಳಲ್ಲಿ ಇಂದಿಗೂ ಎರಡು ಕಥನಗಳಿವೆ. ನಾಲ್ವರೂ ಮಂಡಿಯೂರಿ, ಇಬ್ಬಿಬ್ಬರು ಕೈಹಿಡಿದುಕೊಂಡು ಸಾವನ್ನು ಎದುರಿಸಿದರೆಂಬುದು ಬೆಂಗಾವಲಿಗಿದ್ದ ಗೆಸ್ಟಾಪೊ ಸಿಬ್ಬಂದಿಯೊಬ್ಬ ತನ್ನ ಸಹೋದ್ಯೋಗಿಯಿಂದ ಕೇಳಿ ಹೇಳಿದ್ದು. ನೂರ್ ಅವರನ್ನು ಬೇರೆಯಾಗಿ ಇಡೀ ರಾತ್ರಿ ಹೊಡೆದು ಹಿಂಸಿಸಲಾಯಿತು, ಸ್ವಾತಂತ್ರ್ಯ ಎಂಬರ್ಥದ ಫ್ರೆಂಚ್ ಪದವೇ ಅವರ ಕೊನೆಯ ಮಾತಾಗಿತ್ತು ಎಂಬುದು 1958ರಲ್ಲಿ ಹೊರಬಂದ, ಶಿಬಿರದ ಡಚ್ ಖೈದಿಯೊಬ್ಬರ ಹೇಳಿಕೆ. ಮೊದಲನೆಯದು ಕೊಂದವರ ಕಡೆಯಿಂದ ಬಂದ ಕೇಳಿಕೆ, ಎರಡನೆಯದು ಹದಿನಾಲ್ಕು ವರ್ಷ ತಡವಾಗಿ ಬಂದ ಒಂಟಿ ಸಾಕ್ಷ್ಯ. ಭಾಷಣಗಳಲ್ಲಿಯೂ ಸ್ಮಾರಕ ಲೇಖನಗಳಲ್ಲಿಯೂ ಆ ಕೊನೆಯ ಮಾತು ನಿರ್ವಿವಾದದ ಸಂಗತಿಯಂತೆ ಬರುತ್ತಿದೆಯಾದರೂ, ಅದರ ಆಧಾರ ಎಷ್ಟು ತೆಳುವೆಂಬುದನ್ನು ಓದುಗರಿಗೆ ತಿಳಿಸುವುದು ಚರಿತ್ರೆಕಾರನ ಕರ್ತವ್ಯ. ಅದಿಲ್ಲದೆಯೂ ಹತ್ತು ತಿಂಗಳ ಸರಪಳಿಯ ಸಾಕ್ಷ್ಯವೇ ಆ ಧೈರ್ಯವನ್ನು ಸಾರುತ್ತದೆ.

1949ರ ಏಪ್ರಿಲ್ 5ರಂದು ಅವರಿಗೆ ಜಾರ್ಜ್ ಕ್ರಾಸ್ ಘೋಷಣೆಯಾಯಿತು. ಅವರ ಗೆಳತಿಯಾಗಿದ್ದ ಜೀನ್ ಓವರ್ಟನ್ ಫುಲ್ಲರ್ ಸರ್ಕಾರಿ ಕಡತಗಳು ಮುಚ್ಚಿದ್ದ ಕಾಲದಲ್ಲಿ, ಪ್ಯಾರಿಸ್ಸಿನಲ್ಲಿ ಆಶ್ರಯ ಕೊಟ್ಟವರನ್ನು ಮಾತ್ರವಲ್ಲದೆ ಆವೆನ್ಯೂ ಫೋಶ್‌ನ ಜರ್ಮನ್ ದುಭಾಷಿಯನ್ನೂ ಹುಡುಕಿ ಮಾತಾಡಿಸಿ, 1952ರಲ್ಲಿ ಮೊದಲ ಜೀವನಚರಿತ್ರೆಯನ್ನು ಪ್ರಕಟಿಸಿದರು. ರೇಡಿಯೊ ಆಟದ ವಿಷಯವಾಗಿ ಮುಜುಗರದ ಪ್ರಶ್ನೆಗಳು ಸಾರ್ವಜನಿಕವಾಗಿ ಏಳಲು ಈ ಲೇಖಕಿಯ ಕೃತಿಗಳೂ ಕಾರಣ. ಸಂಸ್ಥೆಯ ಬಹಳಷ್ಟು ಕಾಗದಗಳು ಲಂಡನ್ನಿನ ಬೇಕರ್ ಸ್ಟ್ರೀಟಿನ ಕಚೇರಿಗೆ ಬಿದ್ದ ಬೆಂಕಿಯಲ್ಲೂ ಬಳಿಕದ ವಿಲೇವಾರಿಯಲ್ಲೂ ನಾಶವಾಗಿದ್ದುದರಿಂದ, ಫುಲ್ಲರ್ ಕೇಳಿ ಬರೆದುಕೊಂಡ ಮಾತುಗಳು ಈಗ ತಾವೇ ಮೂಲ ಆಕರಗಳಾಗಿವೆ. ಕಡತ ತೆರೆದ ಮೇಲೆ ಶ್ರಾಬಣಿ ಬಸು 2006ರಲ್ಲಿ ಬರೆದ ಜೀವನಚರಿತ್ರೆಯು ಕಾಗದ ಮತ್ತು ಕುಟುಂಬದ ನೆನಪುಗಳನ್ನು ಒಟ್ಟಿಗೆ ತಂದಿತು. ಅವರ ಮುಂದಾಳುತನದಲ್ಲಿಯೇ 2012ರಲ್ಲಿ ಲಂಡನ್ನಿನ ಗಾರ್ಡನ್ ಸ್ಕ್ವೇರ್‌ನಲ್ಲಿ ನೂರ್ ಅವರ ಪ್ರತಿಮೆಯೂ ನಿಂತಿತು.

ನೂರ್ ಅವರ ಕೊನೆಯ ನೆಲೆ ಡಾಖಾವ್ ಎಂದು ತೀರ್ಮಾನವಾದೊಡನೆ ನಾಟ್ಸ್‌ವೈಲರ್‌ನ ನಾಲ್ಕನೆಯ ಮಹಿಳೆಯು ಮತ್ತೆ ಅನಾಮಿಕಳಾದಳು. ಆಕೆ ಜರ್ಮನಿಯ ಯಹೂದಿ ಮನೆತನದಲ್ಲಿ ಹುಟ್ಟಿ, ಪ್ಯಾರಿಸ್ಸಿನಲ್ಲಿ ಬೆಳೆದು, ಪ್ರಾಸ್ಪರ್‌ಗೆ ಹೊಂದಿಕೊಂಡಿದ್ದ ಜಾಲವೊಂದರಲ್ಲಿ ಸುದ್ದಿವಾಹಕಳಾಗಿದ್ದ ಸೋನಿಯಾ ಓಲ್ಶಾನೆಟ್ಸ್‌ಕಿ ಎಂಬುದನ್ನು ಎಲಿಜಬೆತ್ ನಿಕೊಲಾಸ್ ತಮ್ಮದೇ ಶೋಧದಿಂದ 1958ರ ಪುಸ್ತಕದಲ್ಲಿ ತೋರಿಸಿಕೊಟ್ಟರು. 1943ರ ಶರತ್ಕಾಲದಲ್ಲಿ ಮ್ಯಾಡಲೀನ್, ಅಂದರೆ ನೂರ್, ಆಪತ್ತಿಗೆ ಸಿಲುಕಿದ್ದಾಳೆಂಬ ಎಚ್ಚರಿಕೆಯನ್ನು ಸ್ವಿಟ್ಜರ್ಲೆಂಡಿನ ಮೂಲಕ ಲಂಡನ್ನಿಗೆ ಮುಟ್ಟಿಸಿದವರೂ ಈ ಸೋನಿಯಾ ಅವರೇ. ಕಳಿಸಿದವಳು ಯಾರೆಂದು ತಿಳಿಯದ ಕಾರಣಕ್ಕೆ ಆ ಸಂದೇಶವನ್ನು ಅಲ್ಲಿನ ಕಚೇರಿಯು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.